ದೊಡ್ಡ ಎಂಜಿನಿಯರಿಂಗ್ ಕಂಪನಿಯ ಡಿಸೈನ್ ಸಂದರ್ಶನ: ಟೆಕ್ನಿಕಲ್ ಸುತ್ತಿನಲ್ಲಿ ಎಷ್ಟು ಆಳಕ್ಕೆ ಇಳಿಯುತ್ತಾರೆ?

ಹೊಸಗೇರು

ದೊಡ್ಡ ಕಂಪನಿಯೊಂದರ ಮೆಕ್ಯಾನಿಕಲ್ ಡಿಸೈನ್ ಹುದ್ದೆಗೆ ಕರೆ ಬಂದಿದೆ. ವಿಭಾಗ ತಿರುಗುವ ಯಂತ್ರಗಳದ್ದು: ಪಂಪು, ಗೇರ್‌ಬಾಕ್ಸು, ಬ್ಲೋಯರ್. ಅನುಭವ ಮೂರು ವರ್ಷ ಕೇಳಿದ್ದಾರೆ. ಮೊದಲು ಒಂದು ಗಂಟೆಯ ಆನ್‌ಲೈನ್ ಪರೀಕ್ಷೆ, ಆಮೇಲೆ ಎರಡು ಟೆಕ್ನಿಕಲ್ ಸುತ್ತು, ಒಂದು ಮ್ಯಾನೇಜರ್ ಸುತ್ತು, ಕೊನೆಗೆ ಎಚ್‌ಆರ್. ಕೈಯಲ್ಲಿರುವುದು ಮೂರು ವಾರ.

ಪಠ್ಯಪುಸ್ತಕ ಪೂರ್ತಿ ಮಗುಚಿ ಹಾಕಲು ಸಮಯವಿಲ್ಲ. ಹಾಗಾಗಿ ಕೇಳುತ್ತಿದ್ದೇನೆ:

1. ಡ್ರಾಯಿಂಗ್ ಕೈಗೆ ಕೊಟ್ಟು ಓದಿಸುತ್ತಾರಾ? ಕೊಟ್ಟರೆ ಏನು ಹುಡುಕುತ್ತಾರೆ?
2. ಲೆಕ್ಕ ಅಲ್ಲೇ ಪೇಪರ್ ಮೇಲೆ ಮಾಡಿಸುತ್ತಾರಾ, ಅಥವಾ ಸೂತ್ರ ಹೇಳಿದರೆ ಸಾಕಾ?
3. "ಈ ಯಂತ್ರ ಕೆಟ್ಟಿದೆ, ಏನು ಮಾಡುತ್ತೀರಿ" ಎನ್ನುವ ತರಹದ ಪ್ರಶ್ನೆಗೆ ಎಲ್ಲಿಂದ ಶುರು ಮಾಡಬೇಕು?

ಸಂದರ್ಶನ ತೆಗೆದುಕೊಳ್ಳುವ ಕಡೆ ಕೂತವರು ಬರೆದರೆ ಇನ್ನೂ ಒಳ್ಳೆಯದು.

---

ಮೈಕ್ರಾನ್

ಮೊದಲ ಪ್ರಶ್ನೆಗೆ ನನ್ನ ಉತ್ತರ. ಡಿಸೈನ್ ಹುದ್ದೆ ಅಂದಮೇಲೆ ಡ್ರಾಯಿಂಗ್ ಬಂದೇ ಬರುತ್ತದೆ. ಸಾಮಾನ್ಯವಾಗಿ ಒಂದು ಶಾಫ್ಟ್: ಎರಡು ಬೇರಿಂಗ್ ಕೂರುವ ಜಾಗ, ಒಂದು ಕೀವೇ, ಒಂದು ಆಯಿಲ್ ಸೀಲ್ ಜಾಗ, ತುದಿಯಲ್ಲಿ ಥ್ರೆಡ್. ಅದರಲ್ಲಿ ಎರಡು ಮೂರು ತಪ್ಪುಗಳನ್ನು ಬೇಕೆಂದೇ ಬಿಟ್ಟಿರುತ್ತಾರೆ. "ಇದನ್ನು ವಿವರಿಸಿ" ಎಂದು ಕೇಳಿದರೂ ಅವರಿಗೆ ಬೇಕಿರುವುದು ನೀವು ಆ ತಪ್ಪನ್ನು ಹಿಡಿಯುತ್ತೀರಾ ಎನ್ನುವುದು.

ಓದುವ ಕ್ರಮ ಹೀಗಿರಲಿ. ಮೊದಲು ಟೈಟಲ್ ಬ್ಲಾಕ್: ಮೆಟೀರಿಯಲ್, ಸ್ಕೇಲ್, ಫಸ್ಟ್ ಆಂಗಲ್ಲಾ ಥರ್ಡ್ ಆಂಗಲ್ಲಾ, ಜನರಲ್ ಟಾಲರೆನ್ಸ್ ಎಷ್ಟು, ಹೀಟ್ ಟ್ರೀಟ್‌ಮೆಂಟ್ ಇದೆಯಾ. ಆಮೇಲೆ ಡೇಟಮ್‌ಗಳು, ಅಂದರೆ ಅಳತೆಗೆ ಆಧಾರವಾಗಿ ಹಿಡಿಯುವ ಮೇಲ್ಮೈ ಅಥವಾ ಅಕ್ಷ. ಅಳತೆಗಳು ಅದಾದ ಮೇಲೆ. ಬಹಳಷ್ಟು ಜನ ಡ್ರಾಯಿಂಗ್ ಕೈಗೆ ಬಂದ ತಕ್ಷಣ "ಇದು 25 ಮಿ.ಮೀ., ಇದು 30 ಮಿ.ಮೀ." ಎಂದು ಓದಲು ಶುರು ಮಾಡುತ್ತಾರೆ. ಅದು ಅಲ್ಲಿ ಕೂತವರಿಗೂ ಕಾಣುತ್ತಿರುತ್ತದೆ.

ಫಿಟ್ (ರಂಧ್ರದಲ್ಲಿ ಶಾಫ್ಟ್ ಎಷ್ಟು ಸಡಿಲ, ಎಷ್ಟು ಬಿಗಿ) ಬಗ್ಗೆ ಸಂಖ್ಯೆ ಸಮೇತ ಹೇಳಲು ಬರಬೇಕು. ಒಂದೇ ಅಳತೆಯನ್ನು ಕರಗತ ಮಾಡಿಕೊಳ್ಳಿ, ಸಾಕು. 25 ಮಿ.ಮೀ. ತೆಗೆದುಕೊಳ್ಳಿ. ರಂಧ್ರದ ಟಾಲರೆನ್ಸ್ ಗುರುತು ಎಚ್7 ಅಂದರೆ ಆ ಅಳತೆಗಿಂತ 0 ದಿಂದ +21 ಮೈಕ್ರಾನ್. ಶಾಫ್ಟ್ ಜಿ6 ಆದರೆ -7 ರಿಂದ -20. ಹಾಗಾಗಿ ಎಚ್7/ಜಿ6 ನಲ್ಲಿ ಕನಿಷ್ಠ ಸಡಿಲ 7 ಮೈಕ್ರಾನ್, ಗರಿಷ್ಠ 41. ಶಾಫ್ಟ್ ಪಿ6 ಆದರೆ +22 ರಿಂದ +35, ಅಂದರೆ ಬಿಗಿ 1 ರಿಂದ 35 ಮೈಕ್ರಾನ್. ಕೆ6 ಆದರೆ +2 ರಿಂದ +15. ಇದು ಟ್ರಾನ್ಸಿಶನ್ ಫಿಟ್, ಅಂದರೆ ಕೆಲವು ಜೋಡಿ ಸಡಿಲ, ಕೆಲವು ಬಿಗಿ. ಈ ನಾಲ್ಕು ಜೋಡಿ ಅಂಕಿ ನೆನಪಿದ್ದರೆ ಯಾವ ಪ್ರಶ್ನೆಗೂ ಅದನ್ನೇ ಉದಾಹರಣೆಯಾಗಿ ಹಿಡಿದು ಮಾತಾಡಬಹುದು. ಮುಂದಿನ ಪ್ರಶ್ನೆ ಗ್ಯಾರಂಟಿ: "ಪಿ6 ನಲ್ಲಿ ಕನಿಷ್ಠ ಬಿಗಿ 1 ಮೈಕ್ರಾನ್ ಅಂದಿರಲ್ಲ, ಕೀ ಇಲ್ಲದೆ ಅದರ ಮೇಲೆ ಟಾರ್ಕ್ ಸಾಗಿಸಬಹುದೇ?" ಇಲ್ಲ. 1 ಮೈಕ್ರಾನಿನ ಬಿಗಿಯಲ್ಲಿ ನಂಬುವಷ್ಟು ಒತ್ತಡ ಹುಟ್ಟುವುದಿಲ್ಲ. ಪಿ6 ಇರುವುದು ಭಾಗವನ್ನು ಅದರ ಜಾಗದಲ್ಲಿ ನಿಲ್ಲಿಸಲಿಕ್ಕೆ. ಟಾರ್ಕ್ ಸಾಗಿಸಬೇಕಾದರೆ ಇನ್ನೂ ಬಿಗಿ ಫಿಟ್, ಇಲ್ಲವೇ ಕೀ.

ಬೇಕೆಂದೇ ಬಿಡುವ ತಪ್ಪುಗಳಲ್ಲಿ ಪದೇ ಪದೇ ಕಾಣುವ ಕೆಲವು:

ಬೇರಿಂಗ್ ಭುಜದ ಮೂಲೆಯ ಫಿಲೆಟ್ (ಮೂಲೆಗೆ ಕೊಟ್ಟ ದುಂಡು). 6205 ಬೇರಿಂಗ್‌ನ ಮೂಲೆ ತ್ರಿಜ್ಯ ಕನಿಷ್ಠ 1 ಮಿ.ಮೀ. ಶಾಫ್ಟ್‌ನ ಫಿಲೆಟ್ 2 ಮಿ.ಮೀ. ಎಂದು ಬರೆದಿದ್ದರೆ ಬೇರಿಂಗ್ ಭುಜಕ್ಕೆ ಒರಗುವುದೇ ಇಲ್ಲ, ಫಿಲೆಟ್ ಮೇಲೆ ಹತ್ತಿ ಕೂರುತ್ತದೆ. "ಫಿಲೆಟ್ ಚಿಕ್ಕದು ಮಾಡಿ" ಎಂದು ಅಲ್ಲಿಗೇ ನಿಲ್ಲಿಸಬೇಡಿ. ಚಿಕ್ಕದು ಮಾಡಿದರೆ ಆ ಮೂಲೆಯಲ್ಲಿ ಸ್ಟ್ರೆಸ್ ಏರಿ ಫೆಟೀಗ್ ಬಿರುಕು ಅಲ್ಲಿಂದಲೇ ಹುಟ್ಟಬಹುದು. ದೊಡ್ಡ ಫಿಲೆಟ್ ಉಳಿಸಿಕೊಂಡು ನಡುವೆ ಒಳಗೆ ಚ್ಯಾಂಫರ್ ಇರುವ ಸ್ಪೇಸರ್ ಉಂಗುರ ಹಾಕಬಹುದು, ಅಥವಾ ಭುಜದೊಳಕ್ಕೆ ಅಂಡರ್‌ಕಟ್ ಕೊಡಬಹುದು. ಈ ಎರಡನೇ ಹೆಜ್ಜೆಗೇ ಅಂಕ.

ಸೀಲ್ ಜಾಗದ ಮೇಲ್ಮೈ. ತುಟಿ ಸೀಲ್ ಉಜ್ಜುವ ಕಡೆ ಆರ್‌ಎ (ಮೇಲ್ಮೈಯ ಸರಾಸರಿ ಒರಟುತನ) ಸುಮಾರು 0.2 ರಿಂದ 0.8 ಮೈಕ್ರಾನ್ ಬೇಕು. 3.2 ಎಂದಿದ್ದರೆ ಸೀಲ್ ಸವೆಯುತ್ತದೆ. ಅತಿ ನುಣುಪಾದರೂ ತೊಂದರೆ, ಎಣ್ಣೆಯ ಪೊರೆ ನಿಲ್ಲುವುದಿಲ್ಲ. ಇನ್ನೊಂದು: ಲೇತ್‌ನಲ್ಲಿ ತಿರುಗಿಸಿ ಬಿಟ್ಟ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಸುರುಳಿ ಗೆರೆ ಇರುತ್ತದೆ, ಅದು ಶಾಫ್ಟ್ ತಿರುಗಿದಂತೆ ಎಣ್ಣೆಯನ್ನು ಪಂಪ್ ಮಾಡಿ ಹೊರಗೆ ಹಾಕುತ್ತದೆ. ಹಾಗಾಗಿ ಅಲ್ಲಿ ಪ್ಲಂಜ್ ಗ್ರೈಂಡಿಂಗ್ ಎಂದು ಟಿಪ್ಪಣಿ ಬೇಕು.

ಎರಡು ಬೇರಿಂಗ್ ಜಾಗಕ್ಕೂ ಒಟ್ಟು ರನ್‌ಔಟ್ ಅಥವಾ ಕೋಆಕ್ಸಿಯಾಲಿಟಿ ಕೊಡದೇ ಇರುವುದು. ಎರಡರ ವ್ಯಾಸವೂ ಸರಿ ಇದ್ದು, ಒಂದರ ಕೇಂದ್ರಕ್ಕೂ ಇನ್ನೊಂದರ ಕೇಂದ್ರಕ್ಕೂ ತಾಳೆ ಇಲ್ಲದಿದ್ದರೆ ಡ್ರಾಯಿಂಗ್ ಪ್ರಕಾರ ಭಾಗ ಪಾಸ್, ಯಂತ್ರದಲ್ಲಿ ಫೇಲ್.

ಫ್ಲ್ಯಾಟ್‌ನೆಸ್‌ಗೆ ಡೇಟಮ್ ಬರೆದಿರುವುದು. ಫ್ಲ್ಯಾಟ್‌ನೆಸ್, ಸ್ಟ್ರೈಟ್‌ನೆಸ್, ಸರ್ಕ್ಯುಲಾರಿಟಿ, ಸಿಲಿಂಡ್ರಿಸಿಟಿ ಈ ನಾಲ್ಕಕ್ಕೂ ಡೇಟಮ್ ಇರುವುದಿಲ್ಲ. ಇದು ಹತ್ತು ಸೆಕೆಂಡಿನ ಪ್ರಶ್ನೆ.

ಬೋನಸ್ ಟಾಲರೆನ್ಸ್ ಕೂಡ ಕೇಳುತ್ತಾರೆ. ರಂಧ್ರ 10 ರಿಂದ 10.2 ಮಿ.ಮೀ., ಪೊಸಿಶನ್ 0.1, ಪಕ್ಕದಲ್ಲಿ ವೃತ್ತದೊಳಗಿನ ಎಂ. ರಂಧ್ರ ಅಳೆದಾಗ 10.15 ಬಂತು, ಪೊಸಿಶನ್ ಎಷ್ಟು ತಪ್ಪಬಹುದು? ರಂಧ್ರಕ್ಕೆ ಅತಿ ಹೆಚ್ಚು ಲೋಹ ಉಳಿದಿರುವ ಅಳತೆ 10.0, ಅಲ್ಲಿಂದ 0.15 ದೊಡ್ಡದಾಗಿದೆ, ಆದ್ದರಿಂದ 0.1 + 0.15 = 0.25. ಲೆಕ್ಕ ಹೇಳಿದ ಮೇಲೆ ಕಾರಣವನ್ನೂ ಒಂದು ವಾಕ್ಯದಲ್ಲಿ ಹೇಳಿ: ರಂಧ್ರ ದೊಡ್ಡದಾದಷ್ಟು ಬೋಲ್ಟಿಗೆ ಓಡಾಡಲು ಜಾಗ ಹೆಚ್ಚು.

ಟಾಲರೆನ್ಸ್ ಸ್ಟ್ಯಾಕ್ ಕೇಳಿದರೆ ಎರಡೂ ರೀತಿ ಹೇಳಿ. ನಾಲ್ಕು ಭಾಗ, ಪ್ರತಿಯೊಂದೂ ±0.1. ಕೆಟ್ಟ ಸಂದರ್ಭ ±0.4; ವರ್ಗಗಳ ಮೊತ್ತದ ವರ್ಗಮೂಲ ±0.2. ಎರಡನೆಯದನ್ನು ಯಾವಾಗ ನಂಬಬಾರದು? ಭಾಗಗಳ ಸಂಖ್ಯೆ ಕಡಿಮೆ ಇದ್ದಾಗ, ಅಥವಾ ತಯಾರಿಕೆಯಲ್ಲಿ ಸರಾಸರಿ ಒಂದು ಬದಿಗೆ ವಾಲಿದ್ದಾಗ.

---

ತೊಲೆಕಂಬ

ಎರಡನೇ ಪ್ರಶ್ನೆ ನನ್ನ ಪಾಲಿಗಿರಲಿ. ಹೌದು, ಲೆಕ್ಕ ಮಾಡಿಸುತ್ತಾರೆ. ಆದರೆ ಅರ್ಧ ಪುಟಕ್ಕಿಂತ ಉದ್ದದ್ದು ಕೇಳುವುದಿಲ್ಲ. ಸೂತ್ರ ಮರೆತರೆ ಅವರೇ ಕೊಡುತ್ತಾರೆ. ಎಡವುವುದು ಯೂನಿಟ್‌ನಲ್ಲಿ, ಮತ್ತು ಉತ್ತರ ಬಂದಮೇಲೆ ಅದು ನಂಬುವಂತಿದೆಯೇ ಎಂದು ನೋಡದೇ ಇರುವುದರಲ್ಲಿ. ನ್ಯೂಟನ್, ಮಿ.ಮೀ., ಮೆಗಾಪ್ಯಾಸ್ಕಲ್ — ಈ ಮೂರರಲ್ಲೇ ಎಲ್ಲ ಲೆಕ್ಕ ಮಾಡಿ. ಮೀಟರ್ ಬೆರೆಸಿದಲ್ಲಿ ಸೊನ್ನೆ ತಪ್ಪುತ್ತದೆ.

ಹೆಚ್ಚು ಸಲ ಕೇಳುವ ಒಂದು ಪ್ರಶ್ನೆಯನ್ನು ಪೂರ್ತಿ ಬಿಡಿಸುತ್ತೇನೆ, ಯಾಕೆಂದರೆ ಇದರೊಳಗೆ ಗುಂಡಿ ಇದೆ.

ಒಂದು ತುದಿ ಗಟ್ಟಿಯಾಗಿ ಹಿಡಿದ 1 ಮೀಟರ್ ಉದ್ದದ ಉಕ್ಕಿನ ತೊಲೆ, ಅಡ್ಡಕೊಯ್ತ 40 × 40 ಮಿ.ಮೀ., ತುದಿಯಲ್ಲಿ 500 ನ್ಯೂಟನ್. ಇನರ್ಷಿಯಾ 40 ರ ನಾಲ್ಕನೇ ಘಾತವನ್ನು 12 ರಿಂದ ಭಾಗಿಸಿದರೆ 2,13,333 (ಮಿ.ಮೀ. ನಾಲ್ಕನೇ ಘಾತ). ಬುಡದಲ್ಲಿ ಮೊಮೆಂಟ್ 5,00,000 ನ್ಯೂಟನ್-ಮಿ.ಮೀ., ಸ್ಟ್ರೆಸ್ ಸುಮಾರು 47 ಮೆಗಾಪ್ಯಾಸ್ಕಲ್. ಮೈಲ್ಡ್ ಸ್ಟೀಲ್‌ನ ಯೀಲ್ಡ್ (ಶಾಶ್ವತವಾಗಿ ಬಾಗಲು ಶುರುವಾಗುವ ಸ್ಟ್ರೆಸ್) 250 ಎಂದು ಹಿಡಿದರೆ ಐದು ಪಟ್ಟು ಭದ್ರ. ಬಾಗುವಿಕೆ ಭಾರ × ಉದ್ದದ ಘನ ÷ (3 × ಯಂಗ್ಸ್ ಮಾಡ್ಯುಲಸ್ × ಇನರ್ಷಿಯಾ); ಮಾಡ್ಯುಲಸ್ 2,00,000 ಮೆಗಾಪ್ಯಾಸ್ಕಲ್ ಹಾಕಿದರೆ 3.9 ಮಿ.ಮೀ.

ಈಗ ಗುಂಡಿ. "ಬಾಗುವಿಕೆ 1 ಮಿ.ಮೀ. ಒಳಗಿರಬೇಕು. ಇನ್ನೂ ಗಟ್ಟಿ ಅಲಾಯ್ ಸ್ಟೀಲ್ ಹಾಕೋಣವೇ?"

ಹಾಕಿದರೆ ಏನೂ ಬದಲಾಗುವುದಿಲ್ಲ. ಅಲಾಯ್ ಆಗಲಿ, ಹಾರ್ಡನಿಂಗ್ ಆಗಲಿ, ಉಕ್ಕಿನ ಯೀಲ್ಡ್ ಏರುತ್ತದೆಯೇ ಹೊರತು ಮಾಡ್ಯುಲಸ್ 200-210 ಗಿಗಾಪ್ಯಾಸ್ಕಲ್‌ನ ಆಸುಪಾಸಿನಲ್ಲೇ ಇರುತ್ತದೆ. ಇಲ್ಲಿ ಕೊರತೆ ಇರುವುದು ಬಲದ್ದಲ್ಲ, ಬಿಗುವಿನದು (ಸ್ಟಿಫ್‌ನೆಸ್). ಎತ್ತರವನ್ನು 40 ರಿಂದ 80 ಕ್ಕೆ ಏರಿಸಿದರೆ ಇನರ್ಷಿಯಾ ಎಂಟು ಪಟ್ಟು, ಬಾಗುವಿಕೆ 0.49 ಮಿ.ಮೀ. ಆದರೆ ತೂಕ ಇಮ್ಮಡಿ. "ತೂಕ ಹೆಚ್ಚಬಾರದು" ಎಂದು ಅವರು ಸೇರಿಸಿದರೆ ಪೊಳ್ಳು ಕೊಳವೆಗೆ ಹೋಗಿ, ಅಥವಾ ಉದ್ದ ಕಡಿಮೆ ಮಾಡಬಹುದೇ ಎಂದು ಕೇಳಿ. ಉದ್ದ 20 ಶೇಕಡಾ ಇಳಿದರೆ ಘನದಿಂದಾಗಿ ಬಾಗುವಿಕೆ ಅರ್ಧಕ್ಕೆ ಬರುತ್ತದೆ. ಅಲ್ಯೂಮಿನಿಯಮ್ ಹಾಕಿದರೆ ಎಂಬ ಪ್ರಶ್ನೆಗೂ ಸಿದ್ಧವಿರಿ: ಸಾಂದ್ರತೆ 2700, ಉಕ್ಕಿನದು 7850; ಮಾಡ್ಯುಲಸ್ 70, ಉಕ್ಕಿನದು 200. ಎರಡೂ ಹೆಚ್ಚುಕಡಿಮೆ ಮೂರನೇ ಒಂದು. ಅದೇ ಅಳತೆಯಲ್ಲಿ ಹಾಕಿದರೆ ತೂಕ ಇಳಿದಷ್ಟೇ ಬಿಗುವೂ ಇಳಿಯಿತು.

ಬೋಲ್ಟು ಎರಡನೇ ಮೆಚ್ಚಿನ ವಿಷಯ. ತಲೆಯ ಮೇಲಿನ 8.8 ಅಂದರೆ ಏನು? ಮೊದಲ 8 ಅಂದರೆ ಟೆನ್ಸೈಲ್ 800 ಮೆಗಾಪ್ಯಾಸ್ಕಲ್, ಎರಡನೆಯದು ಯೀಲ್ಡ್ ಅದರ 0.8 ಭಾಗ, 640. ಎಂ12 ಒರಟು ಥ್ರೆಡ್‌ನ ಪಿಚ್ 1.75, ಸ್ಟ್ರೆಸ್ ವಿಸ್ತೀರ್ಣ 84.3 ಚದರ ಮಿ.ಮೀ. ಪ್ರೂಫ್ ಸ್ಟ್ರೆಸ್ (ಬೋಲ್ಟು ಶಾಶ್ವತವಾಗಿ ಹಿಗ್ಗದೆ ತಡೆಯುವ ಮಿತಿ) 580 ಹಿಡಿದರೆ ಪ್ರೂಫ್ ಲೋಡ್ 48.9 ಕಿಲೋನ್ಯೂಟನ್. ಅದರ 75 ಶೇಕಡಾ ಪ್ರೀಲೋಡ್ (ಬಿಗಿದಾಗ ಬೋಲ್ಟಿನಲ್ಲಿ ಹುಟ್ಟುವ ಎಳೆತ) ಅಂದರೆ 36.7. ಟಾರ್ಕ್ = 0.2 (ಘರ್ಷಣೆಯನ್ನು ಲೆಕ್ಕಕ್ಕೆ ಹಿಡಿದ ಗುಣಾಂಕ) × 36,700 × 12 (ವ್ಯಾಸ) = 88,080 ನ್ಯೂಟನ್-ಮಿ.ಮೀ., ಅಂದರೆ 88 ನ್ಯೂಟನ್ ಮೀಟರ್. ಎಂ12 ಬೋಲ್ಟಿಗೆ 88 ಕೊಡಿ ಎಂದು ಹೇಳಿದರೆ ಮುಗಿಯಿತು.

ಟಾರ್ಶನ್‌ನಲ್ಲಿ ಮುರಿದ ಶಾಫ್ಟ್‌ನ ಚಿತ್ರ ತೋರಿಸಿ ಮೆಟೀರಿಯಲ್ ಯಾವ ಗುಣದ್ದು ಎಂದು ಕೇಳುವುದೂ ಉಂಟು. ಅಕ್ಷಕ್ಕೆ ಲಂಬವಾಗಿ ಚಪ್ಪಟೆ ಮುರಿದಿದ್ದರೆ ಡಕ್ಟೈಲ್ (ಹಿಗ್ಗಿ ಮುರಿಯುವಂಥದ್ದು), 45 ಡಿಗ್ರಿ ಸುರುಳಿಯಲ್ಲಿ ಮುರಿದಿದ್ದರೆ ಬ್ರಿಟಲ್ (ಥಟ್ಟನೆ ಒಡೆಯುವಂಥದ್ದು). ಅನುಮಾನವಿದ್ದರೆ ಒಂದು ಸೀಮೆಸುಣ್ಣ ತಿರುಚಿ ನೋಡಿ.

ಆನ್‌ಲೈನ್ ಪರೀಕ್ಷೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಅದು ಸೋಸಲು ಇಟ್ಟ ಜರಡಿ. ನೆಗೆಟಿವ್ ಅಂಕ ಇದೆಯೇ ಎಂದು ಮಾತ್ರ ಮೊದಲೇ ಓದಿಕೊಳ್ಳಿ.

---

ಎಣ್ಣೆಡಬ್ಬಿ

@ತೊಲೆಕಂಬ, "88 ಕೊಟ್ಟರೆ ಮುಗಿಯಿತು" ಅಲ್ಲ ಮಾರಾಯರೆ, ಅಲ್ಲಿಂದಲೇ ಅವರ ಮುಂದಿನ ಪ್ರಶ್ನೆ ಶುರು. ಆ 0.2 ಒಣ ಬೋಲ್ಟಿನದು. ಥ್ರೆಡ್‌ಗೆ ಎಣ್ಣೆ ಹಚ್ಚಿದರೆ ಅದು 0.15 ರ ಹತ್ತಿರಕ್ಕೆ ಇಳಿಯಬಹುದು. ಅದೇ 88 ಕೊಟ್ಟರೆ ಪ್ರೀಲೋಡ್ 88 ÷ (0.15 × 0.012), ಅಂದರೆ 48.9 ಕಿಲೋನ್ಯೂಟನ್. ನಿಮ್ಮದೇ ಪ್ರೂಫ್ ಲೋಡ್! ಇಟ್ಟುಕೊಂಡ ಅಂಚು ಪೂರ್ತಿ ಕರಗಿ ಹೋಯಿತು. "ಹೊಸ ಮೆಕ್ಯಾನಿಕ್ ಬಂದ ಮೇಲೆ ಬೋಲ್ಟು ತುಂಡಾಗುತ್ತಿದೆ, ಟಾರ್ಕ್ ವ್ರೆಂಚ್ ಸರಿ ಇದೆ" ಎನ್ನುವ ಪ್ರಶ್ನೆಗೆ ಇದೇ ಉತ್ತರ. ಟಾರ್ಕ್ ಹೇಳುವಾಗ ಒಣವೋ ಎಣ್ಣೆ ಹಚ್ಚಿದ್ದೋ ಎಂದು ಜೊತೆಗೇ ಹೇಳಬೇಕು.

ಇನ್ನು ಮೂರನೇ ಪ್ರಶ್ನೆ. ಕೆಟ್ಟ ಯಂತ್ರದ ಪ್ರಶ್ನೆ ಸಾಮಾನ್ಯವಾಗಿ ಹೀಗೆ ಬರುತ್ತದೆ: "ಒಂದು ಸೆಂಟ್ರಿಫ್ಯೂಗಲ್ ಪಂಪು, 1480 ಆರ್‌ಪಿಎಂ, ದಿನವಿಡೀ ಓಡುತ್ತದೆ. ಮೂರು ತಿಂಗಳಿಗೊಮ್ಮೆ ಬೇರಿಂಗ್ ಹೋಗುತ್ತಿದೆ. ಏನು ಮಾಡುತ್ತೀರಿ?"

"ದೊಡ್ಡ ಬೇರಿಂಗ್ ಹಾಕುತ್ತೇನೆ" ಎಂದವರು ಅಲ್ಲಿಗೇ ಮುಗಿದರು. "ಅಲೈನ್‌ಮೆಂಟ್ ನೋಡುತ್ತೇನೆ, ಗ್ರೀಸ್ ನೋಡುತ್ತೇನೆ, ಬ್ಯಾಲೆನ್ಸ್ ನೋಡುತ್ತೇನೆ" ಎಂದು ಪಟ್ಟಿ ಒಪ್ಪಿಸುವವರು ಅದಕ್ಕಿಂತ ಸ್ವಲ್ಪ ಮೇಲು, ಅಷ್ಟೆ. ಮೊದಲು ಪ್ರಶ್ನೆ ಕೇಳಿ: ಎರಡು ಬೇರಿಂಗ್‌ನಲ್ಲಿ ಯಾವುದು ಹೋಗುತ್ತದೆ, ಡ್ರೈವ್ ಕಡೆಯದೋ ಇನ್ನೊಂದೋ? ಮೊದಲಿನಿಂದಲೂ ಹೀಗೇನಾ, ಯಾವಾಗಿನಿಂದ? ಆಗ ಏನು ಬದಲಾಯಿತು? ಹಳೆಯ ಬೇರಿಂಗ್ ಇಟ್ಟುಕೊಂಡಿದ್ದೀರಾ? ಇಂಥ ಪ್ರಶ್ನೆ ಬರಲಿ ಎಂದೇ ಅವರು ಮಾಹಿತಿಯನ್ನು ಕೈಯಲ್ಲಿ ಮುಚ್ಚಿಟ್ಟುಕೊಂಡಿರುತ್ತಾರೆ. ಕೇಳಿದರೆ ಒಂದೊಂದೇ ಬಿಡುತ್ತಾರೆ.

ಆಮೇಲೆ ಒಂದು ಲೆಕ್ಕ. ಬೇರಿಂಗ್‌ನ ಸಿ (ಡೈನಾಮಿಕ್ ಲೋಡ್ ರೇಟಿಂಗ್) 14 ಕಿಲೋನ್ಯೂಟನ್, ಮೇಲಿನ ಭಾರ 1 ಕಿಲೋನ್ಯೂಟನ್ ಎಂದು ಕೊಟ್ಟರೆಂದುಕೊಳ್ಳಿ. ಬಾಲ್ ಬೇರಿಂಗ್ ಆದ್ದರಿಂದ ಎಲ್10 ಆಯುಷ್ಯ 14 ರ ಘನ, 2744 ಮಿಲಿಯನ್ ಸುತ್ತು. ಗಂಟೆಗೆ 88,800 ಸುತ್ತಿನಂತೆ ಸುಮಾರು 30,900 ಗಂಟೆ. ಮೂರು ತಿಂಗಳು ಅಂದರೆ ಸುಮಾರು 2160 ಗಂಟೆ. ಹದಿನಾಲ್ಕು ಪಟ್ಟು ಕಡಿಮೆ. ಬರೀ ಭಾರದಿಂದಲೇ ಇಷ್ಟು ಇಳಿಯಬೇಕಾದರೆ ಭಾರ 14 ರ ಘನಮೂಲದಷ್ಟು, ಅಂದರೆ 2.4 ಪಟ್ಟು ಹೆಚ್ಚಿರಬೇಕು. ಈಗ ನಿಮ್ಮ ಮುಂದೆ ಎರಡೇ ದಾರಿ: ಎಲ್ಲಿಂದಲೋ ಆ ಹೆಚ್ಚುವರಿ ಭಾರ ಬರುತ್ತಿದೆ, ಇಲ್ಲವೇ ಇದು ಭಾರದ ಸಾವಲ್ಲ, ಕೊಳೆ, ನೀರು, ಗ್ರೀಸ್, ಕೂರಿಸಿದ ರೀತಿ ಅಥವಾ ವಿದ್ಯುತ್. ಹತ್ತು ಕಾರಣಗಳ ಪಟ್ಟಿಯನ್ನು ಹೀಗೆ ಎರಡು ಹೋಳು ಮಾಡುವುದನ್ನೇ ಅವರು ನೋಡಲು ಕೂತಿರುವುದು. (ಎಲ್10 ಅಂದರೆ 90 ಶೇಕಡಾ ಬೇರಿಂಗ್ ಉಳಿಯುವ ಆಯುಷ್ಯ, ಸರಾಸರಿ ಅಲ್ಲ. ತಪ್ಪದೇ ಕೇಳುತ್ತಾರೆ.)

ಹಳೆಯ ಬೇರಿಂಗ್ ಏನು ಹೇಳುತ್ತದೆ:

- ಓಟದ ಹಾದಿಯಲ್ಲಿ ತೊಳೆಯುವ ಹಲಗೆಯಂತೆ ಸಮ ಅಂತರದ ಗೆರೆ: ಕರೆಂಟ್ ಹಾದು ಹೋಗಿದೆ. ಇತ್ತೀಚೆಗೆ ವಿಎಫ್‌ಡಿ (ಮೋಟಾರ್‌ನ ವೇಗ ಬದಲಿಸುವ ಡ್ರೈವ್) ಹಾಕಿದ್ದಾರಾ ಎಂದು ಕೇಳಿ.
- ಬಾಲ್‌ಗಳ ಅಂತರಕ್ಕೆ ಸರಿಯಾಗಿ ಗುಳಿಗಳು: ಸುತ್ತಿಗೆಯಿಂದ ಬಡಿದು ಕೂರಿಸಿದ್ದಾರೆ, ಅಥವಾ ನಿಂತ ಯಂತ್ರ ಪಕ್ಕದ ಯಂತ್ರದ ಕಂಪನಕ್ಕೆ ಅದುರಿದೆ.
- ಒಳ ಉಂಗುರದ ಒಳಮೈ ಹೊಳಪು ಹೊಡೆದಿದೆ: ಶಾಫ್ಟ್ ಮೇಲೆ ಉಂಗುರ ಜಾರುತ್ತಿದೆ, ಫಿಟ್ ಸಡಿಲ.
- ಬಣ್ಣ ನೀಲಿ-ಕಂದು: ಕಾವು. ಗ್ರೀಸ್ ಕಡಿಮೆಯಾದರೂ ಹೀಗೆ, ವಿಪರೀತ ತುಂಬಿದರೂ ಹೀಗೆ. ಖಾಲಿ ಜಾಗದ 30 ರಿಂದ 50 ಶೇಕಡಾ ಸಾಕು. ಗಂಟಲ ತನಕ ತುಂಬಿದರೆ ಕಡೆದು ಕಡೆದು ಬಿಸಿಯೇರುತ್ತದೆ.

ಕಂಪನದ ರೀಡಿಂಗ್ ಕೊಟ್ಟರೆ: 1480 ಆರ್‌ಪಿಎಂ ಅಂದರೆ 24.7 ಹರ್ಟ್ಸ್. ಅಲ್ಲೇ ದೊಡ್ಡ ಶಿಖರವಿದ್ದರೆ ಅನ್‌ಬ್ಯಾಲೆನ್ಸ್ ಕಡೆ ಬೊಟ್ಟು. ಅದರ ಇಮ್ಮಡಿಯಲ್ಲಿ, ಅಕ್ಷದ ದಿಕ್ಕಿನಲ್ಲೂ ಜೋರಾಗಿದ್ದರೆ ಮಿಸ್‌ಅಲೈನ್‌ಮೆಂಟ್. ಅಲೈನ್‌ಮೆಂಟ್ ಮಾಡುವ ಮೊದಲು ಸಾಫ್ಟ್ ಫುಟ್ (ತಳಕ್ಕೆ ಸರಿಯಾಗಿ ಕೂರದ ಕಾಲು) ನೋಡಬೇಕು: ಡಯಲ್ ಗೇಜ್ ಇಟ್ಟು ಒಂದೊಂದೇ ಕಾಲಿನ ಬೋಲ್ಟು ಸಡಿಲಿಸಿ, ಮುಳ್ಳು 0.05 ಮಿ.ಮೀ. ಗಿಂತ ಹೆಚ್ಚು ಎದ್ದರೆ ಆ ಕಾಲಿಗೆ ಶಿಮ್. ಬಿಸಿ ನೀರಿನ ಪಂಪು ಎಂದರೆ ಇನ್ನೊಂದು ಮಾತು ಸೇರಿಸಿ. ತಳದಿಂದ ಅಕ್ಷದ ಎತ್ತರ 400 ಮಿ.ಮೀ., ಕಾವು 50 ಡಿಗ್ರಿ ಏರಿದರೆ ಉಕ್ಕು 0.24 ಮಿ.ಮೀ. ಬೆಳೆಯುತ್ತದೆ. ತಣ್ಣಗಿದ್ದಾಗ ಕೂದಲೆಳೆಯಷ್ಟೂ ತಪ್ಪದಂತೆ ಜೋಡಿಸಿದ್ದು ಓಡುವಾಗ ತಪ್ಪಿ ಹೋಗಿರುತ್ತದೆ.

ಪಂಪ್ ವಿಭಾಗ ಆದ್ದರಿಂದ ಇವೂ ಬೇಕು. ಕ್ಯಾವಿಟೇಶನ್‌ಗೆ (ಒತ್ತಡ ಇಳಿದು ಆವಿಯ ಗುಳ್ಳೆ ಹುಟ್ಟಿ ಒಡೆಯುವುದು) ಜಲ್ಲಿಕಲ್ಲು ತುಂಬಿ ತಿರುಗಿಸಿದಂಥ ಸದ್ದು. ಹರಿವು ಕಡಿಮೆ ಮಾಡಬೇಕಾದರೆ ಡಿಸ್ಚಾರ್ಜ್ ವಾಲ್ವ್ ಸ್ವಲ್ಪ ಮುಚ್ಚಿ, ಸಕ್ಷನ್ ವಾಲ್ವ್ ಎಂದೂ ಅಲ್ಲ. ವೇಗ 20 ಶೇಕಡಾ ಇಳಿಸಿದರೆ ಪವರ್ 0.8 ರ ಘನ, ಅಂದರೆ 0.51, ಅರ್ಧಕ್ಕೆ ಬರುತ್ತದೆ. ಆದರೆ ಹೆಡ್ ಕೂಡ 0.64 ಕ್ಕೆ ಇಳಿಯುತ್ತದೆ. ಎತ್ತರದ ಟ್ಯಾಂಕ್‌ಗೆ ನೀರು ಏರಿಸುತ್ತಿದ್ದರೆ ನೀರೇ ಹೋಗದಿರಬಹುದು. ಈ "ಆದರೆ" ಯನ್ನು ಅವರು ಕೇಳುವ ಮೊದಲೇ ಹೇಳಿ.

ಕೊನೆಯದಾಗಿ, "ಪಂಪ್ ಬಿಚ್ಚಿ ನೋಡುತ್ತೇನೆ" ಎನ್ನುವ ಮೊದಲು "ಮೋಟಾರ್‌ನ ಕರೆಂಟ್ ತೆಗೆದು, ಬೀಗ ಹಾಕಿ, ಟ್ಯಾಗ್ ಕಟ್ಟಿ, ಒಳಗಿನ ಪ್ರೆಶರ್ ಇಳಿಸಿ, ಒಮ್ಮೆ ಸ್ಟಾರ್ಟ್ ಒತ್ತಿ ನೋಡಿ" ಎನ್ನುವುದು ಬಾಯಿಂದ ತಾನಾಗಿ ಬರಬೇಕು. ಬಾರದಿದ್ದರೆ ಕೆಲವು ಪ್ಯಾನೆಲ್‌ಗಳು ಮುಂದಕ್ಕೆ ಕೇಳುವುದೇ ಇಲ್ಲ.

---

ಹೊಸಗೇರು

ಇಷ್ಟು ವಿವರ ಸಿಗುತ್ತದೆಂದು ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಇನ್ನೆರಡು: ಈಗಿನ ಕಂಪನಿಯ ಪ್ರಾಜೆಕ್ಟ್ ಬಗ್ಗೆ ಹೇಳುವಾಗ ಗುಟ್ಟಿನ ವಿಷಯಕ್ಕೆ ಎಲ್ಲಿ ಗೆರೆ ಎಳೆಯಬೇಕು? ಮತ್ತೆ, ಗೊತ್ತಿಲ್ಲದ ಪ್ರಶ್ನೆ ಬಂದರೆ ನೇರ "ಗೊತ್ತಿಲ್ಲ" ಅನ್ನುವುದೇ ಲೇಸಾ?

---

ಕ್ಯಾಲಿಪರ್

ಪ್ರಾಜೆಕ್ಟ್ ಬಗ್ಗೆ. ಗಿರಾಕಿಯ ಹೆಸರು, ಭಾಗದ ನಂಬರ್, ಬೆಲೆ, ಇನ್ನೂ ಮಾರುಕಟ್ಟೆಗೆ ಬಾರದ ಮಾಡೆಲ್, ಡ್ರಾಯಿಂಗ್‌ನ ಪ್ರತಿ — ಇವು ಯಾವುವೂ ಬೇಡ. ಪುಸ್ತಕದಲ್ಲಿರುವ ತತ್ವ, ನಿಮ್ಮ ನಿರ್ಧಾರದ ಹಾದಿ, ಅನುಪಾತಗಳು ಸಾಕು. "ತೂಕ 18 ಕೆಜಿಯಿಂದ 14 ಕ್ಕೆ ಇಳಿಸಿದೆ" ಬದಲು "ಸುಮಾರು ಐದನೇ ಒಂದು ಭಾಗ ಇಳಿಸಿದೆ" ಎನ್ನಿ. ಕೆದಕಿ ಕೇಳಿದರೆ "ಅದನ್ನು ಹೇಳುವ ಹಾಗಿಲ್ಲ, ಬೇಕಿದ್ದರೆ ಸಾಮಾನ್ಯ ಉದಾಹರಣೆಯಲ್ಲಿ ವಿವರಿಸುತ್ತೇನೆ" ಎಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ನಾಳೆ ತಮ್ಮ ಗುಟ್ಟನ್ನೂ ಹೀಗೇ ಕಾಯುತ್ತಾರೆ ಎಂದುಕೊಳ್ಳುತ್ತಾರೆ.

ಒಂದೇ ಪ್ರಾಜೆಕ್ಟ್ ಆರಿಸಿ, ಅದನ್ನು ಬುಡಮಟ್ಟ ತಿಳಿದುಕೊಳ್ಳಿ. ರೆಸ್ಯೂಮೆಯಲ್ಲಿ "ಎಫ್‌ಇಎ ಮಾಡಿದ್ದೇನೆ" (ಭಾಗವನ್ನು ಸಣ್ಣ ತುಂಡುಗಳ ಮೆಶ್ ಆಗಿ ಒಡೆದು ಕಂಪ್ಯೂಟರಿನಲ್ಲಿ ಸ್ಟ್ರೆಸ್ ಲೆಕ್ಕ ಹಾಕುವುದು) ಎಂದಿದ್ದರೆ ಕೇಳುವುದು ಹೀಗೆ: ಮೆಶ್ ಎಷ್ಟು ಸಣ್ಣದು, ಇನ್ನೂ ಸಣ್ಣದು ಮಾಡಿದಾಗ ಉತ್ತರ ಎಷ್ಟು ಬದಲಾಯಿತು, ಎಲ್ಲಿ ಕಟ್ಟಿ ಹಾಕಿದಿರಿ, ಕೈಲೆಕ್ಕಕ್ಕೆ ತಾಳೆ ನೋಡಿದಿರಾ? ಚೂಪು ಒಳಮೂಲೆಯಲ್ಲಿ ಮೆಶ್ ಸಣ್ಣದಾದಷ್ಟೂ ಸ್ಟ್ರೆಸ್ ಏರುತ್ತಲೇ ಹೋಗುತ್ತದೆ, ಅದು ನಿಜವಾದ ಸ್ಟ್ರೆಸ್ ಅಲ್ಲ. ಇದು ಗೊತ್ತಿಲ್ಲದೆ ಬಣ್ಣದ ಚಿತ್ರ ಮಾತ್ರ ತೋರಿಸಿದರೆ ಕಷ್ಟ. "ನಾವು ಮಾಡಿದೆವು" ಎಂಬ ಮಾತೂ ಕಡಿಮೆಯಿರಲಿ. ತಂಡ ಮಾಡಿದ್ದು ಯಾವುದು, ನೀವು ಮಾಡಿದ್ದು ಯಾವುದು ಎಂದು ಮೊದಲೇ ಬೇರ್ಪಡಿಸಿಕೊಳ್ಳಿ.

ಎರಡನೇ ಟೆಕ್ನಿಕಲ್ ಸುತ್ತಿನಲ್ಲಿ ಕ್ವಾಲಿಟಿಯವರೊಬ್ಬರು ಕೂತಿರುತ್ತಾರೆ. ಅವರ ಬತ್ತಳಿಕೆಯಲ್ಲಿ ಎರಡು ಬಾಣ ಖಾಯಂ. ಒಂದು ಸಿಪಿಕೆ (ತಯಾರಿಕೆ ಟಾಲರೆನ್ಸ್ ಒಳಗೆ ಎಷ್ಟು ನಿಲ್ಲುತ್ತದೆ ಎಂಬ ಅಂಕಿ; ಸಿಪಿ ಚದುರುವಿಕೆ ಮಾತ್ರ ನೋಡುತ್ತದೆ, ಸಿಪಿಕೆ ಸರಾಸರಿ ಸರಿದದ್ದನ್ನೂ): ಅಳತೆ 25 ± 0.05, ಸಿಗ್ಮಾ 0.01, ಸರಾಸರಿ 25.02. ಸಿಪಿ 0.1 ÷ 0.06 = 1.67. ಸಿಪಿಕೆ 0.03 ÷ 0.03 = 1.0. ಏನು ಮಾಡುತ್ತೀರಿ? ಯಂತ್ರ ಬದಲಿಸುವ ಅಗತ್ಯವಿಲ್ಲ, ಟೂಲ್ ಆಫ್‌ಸೆಟ್ ಸರಿ ಮಾಡಿದರೆ ಸಾಕು. ಚದುರುವಿಕೆ ಚಿಕ್ಕದೇ ಇದೆ, ಗುರಿ ಮಾತ್ರ ಪಕ್ಕಕ್ಕೆ ಸರಿದಿದೆ.

ಇನ್ನೊಂದು ಎಫ್‌ಎಂಇಎ, ಅಂದರೆ ಏನೇನು ಕೆಡಬಹುದು, ಕೆಟ್ಟರೆ ಏನಾಗುತ್ತದೆ ಎಂದು ಮೊದಲೇ ಪಟ್ಟಿ ಮಾಡುವುದು. ತೀವ್ರತೆ, ಸಂಭವ, ಪತ್ತೆ, ಈ ಮೂರನ್ನು ಗುಣಿಸಿದ್ದು ಆರ್‌ಪಿಎನ್ (ಅಪಾಯದ ಅಂಕ). ಅದರ ದೋಷ ಕೇಳಿದರೆ: 10 × 2 × 2 = 40, 4 × 4 × 4 = 64. ಪ್ರಾಣಕ್ಕೆ ಕುತ್ತು ತರುವ ದೋಷ ಪಟ್ಟಿಯಲ್ಲಿ ಕೆಳಗೆ ಹೋಯಿತು. 2019 ರ ಎಐಎಜಿ-ವಿಡಿಎ (ಅಮೆರಿಕ ಮತ್ತು ಜರ್ಮನಿಯ ವಾಹನೋದ್ಯಮ ಸಂಘಟನೆಗಳ) ಕೈಪಿಡಿ ಆರ್‌ಪಿಎನ್ ಬಿಟ್ಟು ಆ್ಯಕ್ಷನ್ ಪ್ರಯಾರಿಟಿಗೆ ಹೋದದ್ದರ ಹಿಂದೆ ಇಂಥ ತೊಡಕಿದೆ.

ಮ್ಯಾನೇಜರ್ ಸುತ್ತಿನಲ್ಲಿ: "ಭಾಗ 0.01 ಮಿ.ಮೀ. ಔಟ್ ಇದೆ, ಲಾರಿ ಬಾಗಿಲಲ್ಲಿ ನಿಂತಿದೆ, ಕಳಿಸೋಣವೇ?" ಕಳಿಸಿ ಎಂದರೂ ತಪ್ಪು, ಖಂಡಿತ ಇಲ್ಲ ಎಂದು ಕೈಕಟ್ಟಿ ಕೂತರೂ ಅರ್ಧ ಉತ್ತರ. ಭಾಗವನ್ನು ಬೇರೆ ಇಟ್ಟು, ಇನ್ನೊಮ್ಮೆ ಅಳೆಸಿ, ಆ ಅಳತೆ ಏನು ಕೆಲಸ ಮಾಡುತ್ತದೆ ಎಂದು ನೋಡಿ, ಬರಹದಲ್ಲಿ ಡೀವಿಯೇಶನ್ (ಡ್ರಾಯಿಂಗಿನಿಂದ ತಪ್ಪಲು ಅನುಮತಿ) ಕೇಳಿ, ಅಧಿಕಾರ ಇದ್ದವರು ಸಹಿ ಮಾಡಿದ ಮೇಲೆ ಮಾತ್ರ ಕಳಿಸುವುದು. ಬ್ರೇಕ್, ಲಿಫ್ಟಿಂಗ್, ಪ್ರೆಶರ್ ಭಾಗ ಆಗಿದ್ದರೆ ಲಾರಿ ಖಾಲಿ ಹೋಗಲಿ.

"ಗೊತ್ತಿಲ್ಲ" ಎನ್ನುವುದರ ಬಗ್ಗೆ: ನೇರವಾಗಿ ಹೇಳಿಬಿಡಿ. ಸುತ್ತಿ ಬಳಸಿ ಮಾತಾಡಿದರೆ ಸಮಯವೂ ಹಾಳು, ನಂಬಿಕೆಯೂ ಹಾಳು.

ಎಚ್‌ಆರ್ ಸುತ್ತಿನ ಬಗ್ಗೆ ಬರೆಯುವಂಥದ್ದು ಹೆಚ್ಚಿಲ್ಲ. ನೋಟಿಸ್ ಅವಧಿ, ನಿರೀಕ್ಷೆಯ ಸಂಬಳ, ಊರು ಬದಲಿಸಲು ಒಪ್ಪಿಗೆ, ಈ ಮೂರಕ್ಕೂ ಒಂದೇ ಉತ್ತರ ಇಟ್ಟುಕೊಳ್ಳಿ. ಅರ್ಜಿಯಲ್ಲಿ ಒಂದು, ಬಾಯಲ್ಲಿ ಇನ್ನೊಂದು ಆಗಬಾರದು.

---

ಮೈಕ್ರಾನ್

"ಗೊತ್ತಿಲ್ಲ" ವಿಷಯದಲ್ಲಿ ಕ್ಯಾಲಿಪರ್ ಅವರ ಮಾತಿಗೆ ನನ್ನದು ಅರ್ಧ ಒಪ್ಪಿಗೆ. ಸ್ಟ್ಯಾಂಡರ್ಡ್ ನಂಬರ್, ಯಾವುದೋ ಕೋಷ್ಟಕದ ಬೆಲೆ ಗೊತ್ತಿಲ್ಲದಿದ್ದರೆ ನೇರ ಗೊತ್ತಿಲ್ಲ ಎನ್ನಿ. ಆದರೆ "ಈ ಶಾಫ್ಟ್ ಎಷ್ಟು ಬಾಗಬಹುದು?" ಎಂಬುದಕ್ಕೆ ಗೊತ್ತಿಲ್ಲ ಅನ್ನುವಂತಿಲ್ಲ. ಊಹೆ ಹೇಳಿ, ಊಹೆ ಎಂದೇ ಹೇಳಿ, ಯಾವ ಆಧಾರದ ಮೇಲೆ ಎಂದು ಹೇಳಿ. ಆ ಪ್ರಶ್ನೆ ಇರುವುದೇ ಗೊತ್ತಿಲ್ಲದ ಕಡೆ ನೀವು ಹೇಗೆ ನಡೆಯುತ್ತೀರಿ ಎಂದು ನೋಡಲಿಕ್ಕೆ.

---

ಹೊಸಗೇರು

ಸರಿ. ಒಂದು ಕಡೆ ಸಿಕ್ಕಿಕೊಂಡಿದ್ದೇನೆ. 6205 ಕೂರುವ 25 ಮಿ.ಮೀ. ಶಾಫ್ಟಿಗೆ ಕ್ಯಾಟಲಾಗ್ ಕೆ6 ಹೇಳುತ್ತದೆ. ಮೇಲಿನ ಅಂಕಿ ಹಾಕಿ ಎಚ್7/ಕೆ6 ಲೆಕ್ಕ ಮಾಡಿದರೆ ಗರಿಷ್ಠ ಸಡಿಲ 21 - 2 = 19 ಮೈಕ್ರಾನ್, ಗರಿಷ್ಠ ಬಿಗಿ 15. ತಿರುಗುವ ಉಂಗುರಕ್ಕೆ ಬಿಗಿ ಫಿಟ್ ಬೇಕು ತಾನೆ? 19 ಮೈಕ್ರಾನ್ ಸಡಿಲವಿದ್ದರೆ ಎಣ್ಣೆಡಬ್ಬಿಯವರು ಹೇಳಿದಂತೆ ಉಂಗುರ ಜಾರುವುದಿಲ್ಲವೇ?

---

ಮೈಕ್ರಾನ್

ಲೆಕ್ಕ ಸರಿ, ಹಾಕಿದ ಅಂಕಿ ತಪ್ಪು. ಬೇರಿಂಗ್‌ನ ರಂಧ್ರ ಎಚ್7 ಅಲ್ಲ. ಬೇರಿಂಗ್‌ಗೆ ತನ್ನದೇ ಟಾಲರೆನ್ಸ್ ಇದೆ, ಅದು ಸೊನ್ನೆಯಿಂದ ಕೆಳಕ್ಕೆ ಹೋಗುತ್ತದೆ: ನಾರ್ಮಲ್ ಕ್ಲಾಸ್‌ನಲ್ಲಿ 25 ಮಿ.ಮೀ. ರಂಧ್ರಕ್ಕೆ 0 ದಿಂದ -10 ಮೈಕ್ರಾನ್. ಹಾಗಾಗಿ ಕೆ6 ಶಾಫ್ಟ್ ಜೊತೆ ಕನಿಷ್ಠ ಬಿಗಿ 2, ಗರಿಷ್ಠ 25. ಸಡಿಲ ಬರುವ ಜೋಡಿಯೇ ಇಲ್ಲ. ಸಾಮಾನ್ಯ ರಂಧ್ರಕ್ಕೆ ಟ್ರಾನ್ಸಿಶನ್ ಆಗುವ ಕೆ6 ಬೇರಿಂಗ್‌ಗೆ ಇಂಟರ್‌ಫಿಯರೆನ್ಸ್ (ಯಾವಾಗಲೂ ಬಿಗಿ) ಆಗುವುದು ಹೀಗೆ. ನೀವು ಕೇಳಿದ ಇದೇ ಪ್ರಶ್ನೆಯನ್ನು ಅವರೂ ಕೇಳುತ್ತಾರೆ.

ಇದರ ಬಾಲ ಹಿಡಿದು ಎರಡು ಬರುತ್ತವೆ. ಒಳ ಉಂಗುರ ಬಿಗಿಯಾಗಿ ಹಿಗ್ಗಿದರೆ ಬಾಲ್‌ಗಳ ನಡುವಿನ ಸಡಿಲ ಕಡಿಮೆಯಾಗುತ್ತದೆ. ಫಿಟ್ ಇನ್ನೂ ಬಿಗಿ ಮಾಡಿದರೆ, ಅಥವಾ ಶಾಫ್ಟ್ ಬಿಸಿಯಾಗಿ ಓಡುವುದಾದರೆ, ಸಿ3 (ಒಳಸಡಿಲ ಹೆಚ್ಚಿರುವ) ಬೇರಿಂಗ್ ಬರೆಯುವುದು ಅದಕ್ಕೆ. ಮತ್ತೆ, ಕೂರಿಸುವುದು ಹೇಗೆ? 80 ಡಿಗ್ರಿ ಏರಿಸಿದರೆ 25 ಮಿ.ಮೀ. ರಂಧ್ರ ಹಿಗ್ಗುವುದು 24 ಮೈಕ್ರಾನ್, ಗರಿಷ್ಠ ಬಿಗಿಗಿಂತ ಒಂದು ಕಡಿಮೆ. 20 ಡಿಗ್ರಿ ಕೋಣೆಯಲ್ಲಿ ಬೇರಿಂಗ್ 110 ಕ್ಕೆ ಕಾಯಿಸಿದರೆ 27 ಸಿಗುತ್ತದೆ, ಜಾರಿ ಕೂರುತ್ತದೆ. 120 ದಾಟಿಸಬೇಡಿ. ಇಷ್ಟು ಚಿಕ್ಕದನ್ನು ಪ್ರೆಸ್‌ನಲ್ಲಿ ತಣ್ಣಗೇ ಕೂರಿಸಬಹುದು, ಆದರೆ ಕೊಳವೆ ಒತ್ತುವುದು ಒಳ ಉಂಗುರವನ್ನೇ ಆಗಿರಬೇಕು. ಹೊರ ಉಂಗುರ ಒತ್ತಿದರೆ ಬಲವೆಲ್ಲ ಬಾಲ್ ಮೂಲಕ ಹಾದು, ಮೇಲೆ ಹೇಳಿದ ಆ ಗುಳಿಗಳು ಯಂತ್ರ ಓಡುವ ಮೊದಲೇ ಬಿದ್ದಿರುತ್ತವೆ.